ಲಿಂಕನ್ ಮುತ್ತಜ್ಜನ ಊರು ಯಾವುದು?

ವಂಶ ಹುಡುಕಾಟ: ಓದುಗರ ಪ್ರಶ್ನೆಗಳು

(ಉತ್ತರಿಸುವವರು ಅಮೆರಿಕದ ಒಂದು ಸಾರ್ವಜನಿಕ ಗ್ರಂಥಾಲಯದ ಸ್ಥಳೀಯ ಚರಿತ್ರೆ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾದ ಕನ್ನಡತಿ.)

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿದವನು. ಅಬ್ರಹಾಂ ಲಿಂಕನ್ ಅವರಿಗೆ ತಮ್ಮ ಅಜ್ಜನಿಂದ ಹಿಂದಕ್ಕೆ ಹೆಚ್ಚೇನೂ ಗೊತ್ತಿರಲಿಲ್ಲವಂತೆ. ಈಗ ನೋಡಿದರೆ ಇಂಗ್ಲೆಂಡಿನವರೆಗೆ ಅವರ ವಂಶವೃಕ್ಷ ಸಿಗುತ್ತದೆ. ಅವರಿಗೇ ಗೊತ್ತಿಲ್ಲದ್ದು ಬೇರೆಯವರಿಗೆ ಹೇಗೆ ಗೊತ್ತಾಯಿತು? ಇದನ್ನು ನಂಬಬಹುದೇ?
- ನಿವೃತ್ತ ಶಿಕ್ಷಕರು, ಹಾಸನ

ಉತ್ತರ: ನಂಬಬಹುದು ಮೇಷ್ಟ್ರೇ. ಯಾಕೆ ನಂಬಬಹುದು ಎನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಈ ಹುಡುಕಾಟ ನನಗೆ ಅಷ್ಟು ಇಷ್ಟ.

ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಹೆಳವರು ಎತ್ತಿನ ಮೇಲೆ ಬಂದು, ಮನೆ ಮುಂದೆ ಕೂತು, ನಮ್ಮ ಅಜ್ಜ ಮುತ್ತಜ್ಜಂದಿರ ಹೆಸರನ್ನು ಸಾಲಾಗಿ ಹೇಳುತ್ತಿದ್ದರು. ಈಗಲೂ ಕೆಲವು ಊರಿಗೆ ಬರುತ್ತಾರೆ. 19ನೇ ಶತಮಾನದ ಅಮೆರಿಕದ ರೈತನ ಮನೆಗೆ ಹಾಗೆ ಯಾರೂ ಬರುತ್ತಿರಲಿಲ್ಲ. ಅಪ್ಪ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಲಿಂಕನ್ ಅವರ ತಂದೆ ಥಾಮಸ್ ಹೇಳುವ ಸ್ಥಿತಿಯಲ್ಲಿ ಇರಲಿಲ್ಲ. ಅವರು ಎಳೆ ಹುಡುಗನಾಗಿದ್ದಾಗಲೇ ಅವರ ತಂದೆ ಸತ್ತುಹೋದರು. ಓದು ಬರಹವೂ ದಕ್ಕಲಿಲ್ಲ, ತಮ್ಮ ಹೆಸರನ್ನು ಹೇಗೋ ಗೀಚುತ್ತಿದ್ದರು ಅಷ್ಟೇ.

1848ರಲ್ಲಿ ಲಿಂಕನ್ ಅಮೆರಿಕದ ಸಂಸತ್ತಿನಲ್ಲಿ ಹೊಸ ಸದಸ್ಯ. ಮ್ಯಾಸಚೂಸೆಟ್ಸ್ ರಾಜ್ಯದ ಹಿಂಗ್‌ಹ್ಯಾಮ್ ಎಂಬ ಊರಿನ ಸಾಲೊಮನ್ ಲಿಂಕನ್ ಅವರಿಗೆ ಕಾಗದ ಬರೆದು ಕುಲಮೂಲ ಕೇಳಿದರು. ಲಿಂಕನ್ ಮಾರ್ಚ್ 6ರಂದು ಉತ್ತರ ಬರೆದರು. ಹುಟ್ಟಿದ್ದು 1809ರ ಫೆಬ್ರವರಿ 12, ಕೆಂಟಕಿ ರಾಜ್ಯದ ಹಾರ್ಡಿನ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ತಾಲ್ಲೂಕು, ಜಿಲ್ಲೆಯಂಥ ಆಡಳಿತದ ಭಾಗ). ತಂದೆ ಥಾಮಸ್. ಅಜ್ಜನ ಹೆಸರೂ ಅಬ್ರಹಾಂ. ಅಜ್ಜ ಸುಮಾರು 1782ರಲ್ಲಿ ವರ್ಜೀನಿಯಾದ ರಾಕಿಂಗ್‌ಹ್ಯಾಮ್ ಕೌಂಟಿಯಿಂದ ಕೆಂಟಕಿಗೆ ಬಂದರು, ಎರಡು ವರ್ಷದಲ್ಲಿ ಮೂಲನಿವಾಸಿಗಳ ಕೈಯಲ್ಲಿ ಸತ್ತರು. ಮುತ್ತಜ್ಜ ಪೆನ್ಸಿಲ್ವೇನಿಯಾದಿಂದ ಬಂದವರು, ಕ್ವೇಕರ್ ಎಂಬ ಕ್ರೈಸ್ತ ಪಂಥದವರು ಎಂದು ಮನೆಯಲ್ಲಿ ಒಂದು ಮಾತಿದೆ. ಅದರಾಚೆ ಏನೂ ಕೇಳಿಲ್ಲ.

ಇಲ್ಲಿಗೇ ಬಿಡಬಹುದಿತ್ತು, ಬಿಡಲಿಲ್ಲ. ಅದೇ ಸಂಸತ್ತಿನಲ್ಲಿದ್ದ ವರ್ಜೀನಿಯಾದ ಮ್ಯಾಕ್‌ಡವೆಲ್ ಅವರನ್ನು ಕೇಳಿದರು. ರಾಕಿಂಗ್‌ಹ್ಯಾಮ್‌ನಲ್ಲಿ ಡೇವಿಡ್ ಲಿಂಕನ್ ಎಂಬುವರಿದ್ದಾರೆ ಎಂದು ತಿಳಿಯಿತು. ಅವರಿಗೆ ಕಾಗದ ಹೋಯಿತು, ಮಾರ್ಚ್ 30ರ ತಾರೀಖಿನ ಉತ್ತರವೂ ಬಂತು. ಡೇವಿಡ್ ಅವರ ದೊಡ್ಡಪ್ಪನೋ ಚಿಕ್ಕಪ್ಪನೋ ಆಗಿದ್ದ ಅಬ್ರಹಾಂ ಮತ್ತು ತಮ್ಮ ಅಜ್ಜ ಒಬ್ಬರೇ, ಇನ್ನು ಅನುಮಾನವಿಲ್ಲ ಎಂದು ಲಿಂಕನ್ ಏಪ್ರಿಲ್ 2ರಂದು ಬರೆದರು. ಆ ಕಾಗದದಲ್ಲಿ ಪ್ರಶ್ನೆಗಳ ಸುರಿಮಳೆ. ಅಜ್ಜನ ತಂದೆಯ ಹೆಸರೇನು? ಕ್ವೇಕರ್ ಹೌದೋ ಅಲ್ಲವೋ? ಪೆನ್ಸಿಲ್ವೇನಿಯಾದ ಬರ್ಕ್ಸ್ ಕೌಂಟಿಯಿಂದ ವರ್ಜೀನಿಯಾಕ್ಕೆ ಬಂದದ್ದು ಯಾವಾಗ? ನಿಮ್ಮ ಮನೆತನದ ಬಗ್ಗೆ ಎಂದು ಬರೆಯಲು ಹೊರಟವರು ಅಲ್ಲೇ ತಡೆದು, ಇನ್ನು ನಮ್ಮ ಮನೆತನ ಎಂದೇ ಹೇಳಬಹುದಲ್ಲ ಎಂದು ಸೇರಿಸುತ್ತಾರೆ. ನಲವತ್ತು ಸಮೀಪಿಸಿದ ಮನುಷ್ಯನಿಗೆ ಹೊಸದಾಗಿ ಬಂಧುಗಳು ಸಿಕ್ಕ ಸಂತೋಷ ಅದು. ಓದುವಾಗ ನನಗೂ ಖುಷಿಯಾಗುತ್ತದೆ.

ಹೀಗೆ ಒಂದು ಮೆಟ್ಟಿಲು ಸಿಕ್ಕಿತು. ಮುಂದಿನ ಮೆಟ್ಟಿಲು ಅವರಿಗೆ ಸಿಗಲಿಲ್ಲ. 1859ರ ಡಿಸೆಂಬರಿನಲ್ಲಿ ಜೆಸ್ಸಿ ಫೆಲ್ ಎಂಬ ಗೆಳೆಯರಿಗೆ ತಮ್ಮ ಬದುಕಿನ ವಿವರ ಬರೆದುಕೊಟ್ಟರು. ನ್ಯೂ ಇಂಗ್ಲೆಂಡಿನ (ಅಮೆರಿಕದ ಈಶಾನ್ಯ ಭಾಗ, ಮ್ಯಾಸಚೂಸೆಟ್ಸ್ ಇರುವುದು ಅಲ್ಲೇ) ಲಿಂಕನ್‌ಗಳ ಜೊತೆ ಸಂಬಂಧ ಕಲ್ಪಿಸಲು ಮಾಡಿದ ಪ್ರಯತ್ನದಲ್ಲಿ ಹೆಸರುಗಳ ಹೋಲಿಕೆ ಬಿಟ್ಟು ಖಚಿತವಾದದ್ದು ಏನೂ ಸಿಗಲಿಲ್ಲ ಎಂದು ಅದರಲ್ಲಿದೆ. ಈನಕ್, ಲೀವೈ, ಮೊರ್ಡೆಕೈ, ಸಾಲೊಮನ್, ಅಬ್ರಹಾಂ - ಎರಡೂ ಕಡೆ ಇವೇ ಹೆಸರುಗಳು. ಮ್ಯಾಸಚೂಸೆಟ್ಸ್ ಕಡೆ ಗವರ್ನರ್ ಆಗಿದ್ದ ಲೀವೈ ಲಿಂಕನ್ ಇದ್ದರು. 1848ರಲ್ಲಿ ಅವರ ಮನೆಯಲ್ಲಿ ನಮ್ಮ ಲಿಂಕನ್ ಊಟವನ್ನೂ ಮಾಡಿದ್ದರು. ಚುನಾವಣೆ ಹತ್ತಿರ ಬರುತ್ತಿದ್ದಾಗ ಅಂಥ ಮನೆತನದ ಹೆಸರನ್ನು ಹೇಳಿಕೊಳ್ಳಲು ಯಾರಿಗೆ ಆಸೆಯಾಗುವುದಿಲ್ಲ? ಅವರು ಹೇಳಿಕೊಳ್ಳಲಿಲ್ಲ. ತಮ್ಮದು ಹೆಸರುವಾಸಿಯಾದ ಮನೆತನವಲ್ಲ ಎಂದೇ ಬರೆದರು. ನಾನು ಹೊಸಬರಿಗೆ ಈ ಕೆಲಸ ಕಲಿಸುವಾಗ ಮೊದಲು ಇದೇ ಕಾಗದವನ್ನು ಓದಿಸುತ್ತಿದ್ದೆ.

ಆ ಸಂಬಂಧ ನಿಜವಾಗಿಯೂ ಇತ್ತು! ಕೊಂಡಿಗಳು ನಾಲ್ಕು ರಾಜ್ಯಗಳ ಕೋರ್ಟು ಕಚೇರಿಗಳಲ್ಲಿ ಚದುರಿ ಹೋಗಿದ್ದವು. 1887ರಲ್ಲಿ ಸ್ಯಾಮ್ಯುಯೆಲ್ ಶ್ಯಾಕ್‌ಫರ್ಡ್ ಎಂಬುವರು ಬಾಸ್ಟನ್ನಿನ ವಂಶಚರಿತ್ರೆ ಸಂಘದ ಪತ್ರಿಕೆಯಲ್ಲಿ ಇವನ್ನು ಜೋಡಿಸಿ ತೋರಿಸಿದರು. ನಂತರದವರು ಇನ್ನಷ್ಟು ಗಟ್ಟಿ ಮಾಡಿದರು. ಹಿಂದಕ್ಕೆ ನಡೆಯೋಣ.

ಅಜ್ಜ ಅಬ್ರಹಾಂ 1744ರಲ್ಲಿ ಹುಟ್ಟಿದವರು, ಸೈನ್ಯದಲ್ಲಿ ಕ್ಯಾಪ್ಟನ್. ಕೆಂಟಕಿಯ ಜಮೀನಿನ ಕಾಗದದಲ್ಲಿ ಅವರ ಹೆಸರು ಲಿಂಕನ್ ಎಂದಿಲ್ಲ, ಲಿಂಕ್‌ಹಾರ್ನ್ ಎಂದಿದೆ. ಗುಮಾಸ್ತ ಕಿವಿಗೆ ಬಿದ್ದಂತೆ ಬರೆದುಕೊಂಡಿದ್ದಾನೆ. ಅವರು ಸತ್ತದ್ದು 1786ರಲ್ಲಿ, ಮನೆಯ ನೆನಪು ಹೇಳುವ ವರ್ಷಕ್ಕಿಂತ ತಡವಾಗಿ. ಹೊಲದಲ್ಲಿ ಮಕ್ಕಳ ಜೊತೆ ಕೆಲಸ ಮಾಡುವಾಗ ಗುಂಡು ಬಿತ್ತು. ಹಿರಿಯ ಮಗ ಮೊರ್ಡೆಕೈ ಮನೆಯಿಂದ ಬಂದೂಕು ತಂದು ದಾಳಿಕೋರನನ್ನು ಹೊಡೆದು ಪುಟ್ಟ ಥಾಮಸ್‌ನನ್ನು ಉಳಿಸಿದ. ಆಗ ಕೆಂಟಕಿ ವರ್ಜೀನಿಯಾದ ಭಾಗ. ಉಯಿಲಿಲ್ಲದೆ ಸತ್ತವರ ಭೂಮಿಯೆಲ್ಲ ಹಿರಿಯ ಮಗನಿಗೆ ಎನ್ನುವ ಹಳೆಯ ಕಾನೂನು 1787ರ ಜನವರಿ 1ರಿಂದ ರದ್ದಾಯಿತು. ಕೆಲವೇ ತಿಂಗಳ ಅಂತರದಲ್ಲಿ ಥಾಮಸ್‌ಗೆ ಭೂಮಿ ತಪ್ಪಿತು. ಅವರು ಬಡಗಿಯಾದರು. ಅಧ್ಯಕ್ಷ ಲಿಂಕನ್ ಬಡತನದಲ್ಲಿ ಬೆಳೆದದ್ದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು ಎಂದು ನನಗನಿಸುತ್ತದೆ.

ಮುತ್ತಜ್ಜ ಜಾನ್. ಇವರೇ 1768ರಲ್ಲಿ ಬರ್ಕ್ಸ್ ಕೌಂಟಿ ಬಿಟ್ಟು ವರ್ಜೀನಿಯಾಕ್ಕೆ ಹೋದವರು. ಜಾನ್ ಅವರ ತಂದೆ ಮೊರ್ಡೆಕೈ ಬರ್ಕ್ಸ್‌ನಲ್ಲಿ 1736ರಲ್ಲಿ ತೀರಿಕೊಂಡರು. ಈ ಮೊರ್ಡೆಕೈ ಅದಕ್ಕೂ ಮೊದಲು ನ್ಯೂಜೆರ್ಸಿಯಲ್ಲಿದ್ದರು, ಅಲ್ಲಿ ಜಮೀನೂ ಇತ್ತು. ಉಯಿಲಿನಲ್ಲಿ ಆ ಜಮೀನು ಜಾನ್‌ಗೆ ಬಂತು. ಜಾನ್ 1748ರಲ್ಲಿ ಅದನ್ನು ಮಾರಿದ ಕ್ರಯಪತ್ರ ಉಳಿದಿದೆ. ಉಯಿಲು ಪೆನ್ಸಿಲ್ವೇನಿಯಾದಲ್ಲಿ, ಕ್ರಯಪತ್ರ ನ್ಯೂಜೆರ್ಸಿ ಜಮೀನಿನದು. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ತಂದೆ ಮಗ ಸಿಗುತ್ತಾರೆ. ಲಿಂಕನ್ ಅವರಿಗೆ ಸಿಗದೇ ಹೋದದ್ದು ಈ ಕಾಗದಗಳು. ಬರ್ಕ್ಸ್‌ನಲ್ಲಿ ಹುಡುಕಬೇಕು ಎಂದು ಅವರಿಗೆ ಗೊತ್ತಿತ್ತು, ನಡುವೆ ನ್ಯೂಜೆರ್ಸಿ ಇದೆ ಎಂದು ಗೊತ್ತಿರಲಿಲ್ಲ.

ಇನ್ನೂ ಹಿಂದೆ ಇನ್ನೊಬ್ಬ ಮೊರ್ಡೆಕೈ. ಮ್ಯಾಸಚೂಸೆಟ್ಸಿನಲ್ಲಿ ಕಮ್ಮಾರರು, ಕಬ್ಬಿಣದ ಕೆಲಸದವರು. 1727ರಲ್ಲಿ ತೀರಿಕೊಂಡರು. ಅವರ ಉಯಿಲಿನಲ್ಲಿ ಮೊರ್ಡೆಕೈ, ಅಬ್ರಹಾಂ ಎಂಬ ಇಬ್ಬರು ಮಕ್ಕಳಿಗೆ ಹಣ ಬಿಟ್ಟಿದ್ದಾರೆ. ನ್ಯೂಜೆರ್ಸಿಯಲ್ಲೂ ಪೆನ್ಸಿಲ್ವೇನಿಯಾದಲ್ಲೂ ಕಾಣುವವರು ಇದೇ ಅಣ್ಣ ತಮ್ಮಂದಿರು. ಮಗ ಮೊರ್ಡೆಕೈ ಪೆನ್ಸಿಲ್ವೇನಿಯಾದಲ್ಲಿ ಕಬ್ಬಿಣದ ಕುಲುಮೆಯಲ್ಲೇ ಪಾಲುದಾರ. ಹೆಸರು ಹೊಂದುತ್ತದೆ, ಕಸುಬು ಹೊಂದುತ್ತದೆ, ತಮ್ಮನ ಹೆಸರು ಹೊಂದುತ್ತದೆ, ಉಯಿಲು ಹೊಂದುತ್ತದೆ. ಹೀಗೆ ಒಂದೊಂದೇ ಸೇರಿದಾಗ ನಂಬಿಕೆ ಬರುತ್ತದೆ. ಬರೀ ಹೆಸರು ನೋಡಿ ನಂಬಬಾರದು. ಹಿಂಗ್‌ಹ್ಯಾಮ್ ಊರಿನಲ್ಲಿ ಒಂದೇ ಕಾಲಕ್ಕೆ ನಾಲ್ವರು ಥಾಮಸ್ ಲಿಂಕನ್‌ಗಳಿದ್ದರು. ನೇಕಾರ ಥಾಮಸ್, ಗಿರಣಿ ಥಾಮಸ್, ಪೀಪಾಯಿ ಮಾಡುವ ಥಾಮಸ್, ಬೇಸಾಯದ ಥಾಮಸ್!

ಹಿಂಗ್‌ಹ್ಯಾಮ್‌ಗೆ ಬಂದ ಮೂಲಪುರುಷ ಈ ಕಮ್ಮಾರ ಮೊರ್ಡೆಕೈ ಅವರ ತಂದೆ ಸ್ಯಾಮ್ಯುಯೆಲ್. 1637ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಯಾರ್ಮತ್ ಬಂದರಿನಿಂದ ಹೊರಡುವವರನ್ನು ವಿಚಾರಿಸಿ ಬರೆದುಕೊಂಡ ಪಟ್ಟಿ ಉಳಿದಿದೆ. ನಾರ್ವಿಚ್ ಊರಿನ ನೇಕಾರ ಫ್ರಾನ್ಸಿಸ್ ಲಾಸ್, ಅವರ ಹೆಂಡತಿ, ಮಗಳು, ಜೊತೆಗೆ ಇಬ್ಬರು ಆಳುಗಳು. ಅದರಲ್ಲಿ ಒಬ್ಬ ‘ಸ್ಯಾಮ್ಯುಯೆಲ್ ಲಿಂಕಾರ್ನ್, ವಯಸ್ಸು 18’. ಇಂಗ್ಲೆಂಡಿನ ನಾರ್ಫೊಕ್ ಪ್ರಾಂತದಲ್ಲಿ ಇದೇ ಹೆಸರಿನ ಊರಾದ ಹಿಂಗ್‌ಹ್ಯಾಮ್ ಚರ್ಚಿನ ಪುಸ್ತಕದ ಪ್ರಕಾರ ಅವನಿಗೆ ದೀಕ್ಷಾಸ್ನಾನವಾದದ್ದು 1622ರಲ್ಲಿ. ಅಂದರೆ ಹಡಗು ಹತ್ತುವಾಗ ಹದಿನೈದೂ ತುಂಬಿರಲಿಲ್ಲ. ವಯಸ್ಸು ಜಾಸ್ತಿ ಹೇಳಿರಬೇಕು ಅಥವಾ ಬರೆದವರು ಊಹಿಸಿರಬೇಕು. ಹಳೆಯ ದಾಖಲೆಗಳಲ್ಲಿ ವಯಸ್ಸಿನ ಹೊಂದಾಣಿಕೆ ಹೀಗೆ ಕೆಟ್ಟಿರುವುದು ಮಾಮೂಲು, ಅದಕ್ಕೆ ಹೆದರಬೇಡಿ. ಊರು, ಯಜಮಾನ, ಆಮೇಲೆ ನೆಲೆಸಿದ ಜಾಗ, ಅಲ್ಲಿದ್ದ ಅಣ್ಣಂದಿರು, ಇವೆಲ್ಲ ಒಂದನ್ನೊಂದು ಹಿಡಿದುಕೊಂಡಿವೆ.

ಸ್ಯಾಮ್ಯುಯೆಲ್, ಮೊರ್ಡೆಕೈ, ಮೊರ್ಡೆಕೈ, ಜಾನ್, ಅಬ್ರಹಾಂ, ಥಾಮಸ್, ಅಬ್ರಹಾಂ. ಏಳು ತಲೆಮಾರು. ಸಾಲೊಮನ್ ಲಿಂಕನ್ 1848ರಲ್ಲಿ ಸರಿಯಾದ ಮನುಷ್ಯನಿಗೇ ಕಾಗದ ಬರೆದಿದ್ದರು.

ಪ್ರಶ್ನೆ: ಲಿಂಕನ್ ಅವರ ತಂದೆ ತಾಯಿಗೆ ಮದುವೆಯೇ ಆಗಿರಲಿಲ್ಲ, ಅವರ ನಿಜವಾದ ತಂದೆ ಬೇರೆಯವರು ಎಂದು ಒಂದು ವಿಡಿಯೋದಲ್ಲಿ ನೋಡಿದೆ. ಇದು ಸತ್ಯವೇ ಮೇಡಂ?
- ಬಿ.ಎ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಸುಳ್ಳು ಕಣಮ್ಮ. ಆದರೆ ಈ ಸುಳ್ಳು ಹುಟ್ಟಿದ್ದು ಹೇಗೆ ಎಂದು ತಿಳಿದುಕೊಂಡರೆ ನಿನಗೆ ಉಪಯೋಗವಾಗುತ್ತದೆ.

ಥಾಮಸ್ ಮತ್ತು ನ್ಯಾನ್ಸಿ ಹ್ಯಾಂಕ್ಸ್ ಸಂಸಾರ ಮಾಡಿದ್ದು ಹಾರ್ಡಿನ್ ಕೌಂಟಿಯಲ್ಲಿ. ಮದುವೆ, ಆಸ್ತಿ, ಉಯಿಲು ಎಲ್ಲದರ ಪುಸ್ತಕ ಆಯಾ ಕೌಂಟಿಯ ಕೋರ್ಟಿನಲ್ಲಿರುತ್ತದೆ. ನ್ಯಾನ್ಸಿ 1818ರ ಅಕ್ಟೋಬರಿನಲ್ಲಿ ಇಂಡಿಯಾನಾದಲ್ಲಿ ತೀರಿಕೊಂಡರು. ವಿಷದ ಗಿಡ ತಿಂದ ಹಸುವಿನ ಹಾಲು ಕುಡಿದವರಿಗೆ ಬರುವ ಕಾಯಿಲೆ. ಮಗನಿಗೆ ಆಗ ಒಂಬತ್ತು ವರ್ಷ. ಮರುವರ್ಷ ಥಾಮಸ್ ಹಾರ್ಡಿನ್ ಕೌಂಟಿಯ ಎಲಿಜಬೆತ್‌ಟೌನ್‌ಗೆ ವಾಪಸು ಹೋಗಿ ಸಾರಾ ಜಾನ್‌ಸ್ಟನ್ ಎಂಬ ವಿಧವೆಯನ್ನು ಮದುವೆಯಾದರು. ಈ ಎರಡನೆಯ ಮದುವೆ ಹಾರ್ಡಿನ್ ಪುಸ್ತಕದಲ್ಲಿತ್ತು, ಮೊದಲನೆಯದು ಇರಲಿಲ್ಲ. ಮಗ ದೇಶಕ್ಕೆ ಅಧ್ಯಕ್ಷನಾದಾಗ ಶತ್ರುಗಳು ಇಷ್ಟನ್ನೇ ಹಿಡಿದುಕೊಂಡರು. ಅಲ್ಲಿಂದ ಊಹೆ, ಊಹೆಯಿಂದ ಕತೆ. ಉತ್ತರ ಕೆರೊಲಿನಾದ ಎನ್ಲೋ ಎಂಬ ಜಮೀನುದಾರನೇ ತಂದೆ ಎನ್ನುವವರೆಗೆ ಹೋಯಿತು.

ದಾಖಲೆ ಇದ್ದದ್ದು ಪಕ್ಕದ ವಾಷಿಂಗ್ಟನ್ ಕೌಂಟಿಯಲ್ಲಿ. ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ಕೋರ್ಟಿನಲ್ಲಿ. ಮದುವೆಗೆ ಮುಂಚೆ ಬರೆದುಕೊಟ್ಟ ಮುಚ್ಚಳಿಕೆ 1806ರ ಜೂನ್ 10ರದು. ಮದುವೆ ಜೂನ್ 12ರಂದು, ಮಾಡಿಸಿದವರು ಜೆಸ್ಸಿ ಹೆಡ್ ಎಂಬ ಮೆಥೊಡಿಸ್ಟ್ ಪಾದ್ರಿ. ಮೊದಲ ಮಗಳು ಸಾರಾ 1807ರ ಫೆಬ್ರವರಿಯಲ್ಲಿ, ಅಬ್ರಹಾಂ 1809ರಲ್ಲಿ ಹುಟ್ಟಿದರು. ಮದುವೆ ನಡೆದದ್ದು ಹುಡುಗಿಯ ಕಡೆಯವರ ಊರಿನಲ್ಲಿ, ಅಷ್ಟೇ. ನಮ್ಮಲ್ಲೂ ಹಾಗೇ ಅಲ್ವಾ? ನನಗೆ ಸಂಕಟವಾಗುವುದು ಒಂದು ವಿಷಯಕ್ಕೆ. ಅಜ್ಜನ ಕುಟುಂಬ ವಾಷಿಂಗ್ಟನ್ ಕೌಂಟಿಯಲ್ಲಿತ್ತು ಎಂದು ಲಿಂಕನ್ ತಾವೇ 1848ರ ಕಾಗದದಲ್ಲಿ ಬರೆದಿದ್ದರು. ಸುಳಿವು ಅವರ ಕೈಯಲ್ಲೇ ಇತ್ತು. ಮುಚ್ಚಳಿಕೆ ಹೊರಗೆ ಬಂದದ್ದು ಅವರು ಹತ್ಯೆಯಾಗಿ ವರ್ಷಗಳಾದ ಮೇಲೆ. ಅಮ್ಮನ ಮೇಲೆ ಬಂದ ಮಾತು ಸುಳ್ಳು ಎಂದು ತೋರಿಸುವ ಕಾಗದವನ್ನು ಮಗ ನೋಡಲೇ ಇಲ್ಲ.

ತಾಯಿ ನ್ಯಾನ್ಸಿಯ ಹುಟ್ಟಿನ ವಿಷಯ ಬೇರೆ. ನ್ಯಾನ್ಸಿಯ ತಾಯಿ ಲೂಸಿ ಹ್ಯಾಂಕ್ಸ್, ತಂದೆ ಯಾರೆಂದು ಯಾವ ದಾಖಲೆಯೂ ಹೇಳುವುದಿಲ್ಲ. ಲಿಂಕನ್ ಒಮ್ಮೆ ತಮ್ಮ ಜೊತೆ ವಕೀಲ ಹರ್ನ್‌ಡನ್ ಹತ್ತಿರ ಗಾಡಿಯಲ್ಲಿ ಕೋರ್ಟಿಗೆ ಹೋಗುವಾಗ ಇದನ್ನು ಹೇಳಿಕೊಂಡರಂತೆ. ಲೂಸಿಯೇ ತಾಯಿ ಹೌದೋ ಎನ್ನುವುದಕ್ಕೂ ಬಹಳ ಕಾಲ ಜಗಳವಿತ್ತು. 2015ರಲ್ಲಿ ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವ ಡಿಎನ್ಎ ಪರೀಕ್ಷೆ ಮಾಡಿದರು. ಹ್ಯಾಂಕ್ಸ್ ಮನೆಯ ಹೆಣ್ಣುಮಕ್ಕಳ ಸಾಲಿನಲ್ಲಿ ಬಂದವರ ಮಾದರಿಗಳು ಹೊಂದಿದವು. ಅಪರೂಪದ ಗುಂಪು ಅದು, ಹಾಗಾಗಿ ಆಕಸ್ಮಿಕ ಹೋಲಿಕೆ ಎನ್ನಲಾಗುವುದಿಲ್ಲ. ಲೂಸಿಯೇ ತಾಯಿ ಎನ್ನುವುದು ಗಟ್ಟಿಯಾಯಿತು. ಮದುವೆಗೆ ಮೊದಲು ಹುಟ್ಟಿದ ಮಗು ಎನ್ನುವುದರಿಂದ ನ್ಯಾನ್ಸಿಗಾಗಲಿ ಲೂಸಿಗಾಗಲಿ ಯಾವ ಕುಂದೂ ಇಲ್ಲ. ಲೂಸಿ ಆಮೇಲೆ ಹೆನ್ರಿ ಸ್ಪ್ಯಾರೋ ಎಂಬುವರನ್ನು ಮದುವೆಯಾಗಿ ದೊಡ್ಡ ಸಂಸಾರವನ್ನೇ ಸಾಕಿದಳು.

ಪ್ರಶ್ನೆ: ಲಿಂಕನ್ ವಂಶದವರು ಈಗ ಯಾರಾದರೂ ಇದ್ದಾರೆಯೇ?
- ಓದುಗರು, ತುಮಕೂರು

ಉತ್ತರ: ನೇರ ವಂಶ ಇಲ್ಲ. ನಾಲ್ವರು ಗಂಡುಮಕ್ಕಳಲ್ಲಿ ದೊಡ್ಡವನಾಗಿ ಸಂಸಾರ ಮಾಡಿದವರು ರಾಬರ್ಟ್ ಒಬ್ಬರೇ. ಅವರ ಮೊಮ್ಮಗ ರಾಬರ್ಟ್ ಟಾಡ್ ಲಿಂಕನ್ ಬೆಕ್‌ವಿತ್ 1985ರಲ್ಲಿ ತೀರಿಕೊಂಡರು. ದೊಡ್ಡಪ್ಪ, ಚಿಕ್ಕಪ್ಪಂದಿರ ಕಡೆಯ ದಾಯಾದಿಗಳು ಇದ್ದಾರೆ. ‘ನಾನು ಲಿಂಕನ್ ಮರಿಮಗ’ ಎಂದು ಯಾರಾದರೂ ಹೇಳಿದರೆ ಕಾಗದ ಕೇಳಿ.

ಪ್ರಶ್ನೆ: ಉಯಿಲು, ಜಮೀನು ಎಂದರೆ ಉಳ್ಳವರ ವಿಷಯವಾಯಿತು. ಗುಲಾಮರಾಗಿದ್ದ ಕಪ್ಪು ಜನರ ವಂಶ ಹುಡುಕುವುದು ಹೇಗೆ? ಅವರಿಗೆ ಯಾವ ದಾಖಲೆ ಇದ್ದೀತು?
- ಓದುಗರು, ಕಲಬುರಗಿ

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದಿರಿ. ದಾಖಲೆ ಇದೆ. ಆದರೆ ಅದು ಅವರ ಹೆಸರಿನಲ್ಲಿಲ್ಲ, ಅವರನ್ನು ಆಸ್ತಿಯಾಗಿ ಇಟ್ಟುಕೊಂಡಿದ್ದವರ ಹೆಸರಿನಲ್ಲಿದೆ.

1850 ಮತ್ತು 1860ರ ಜನಗಣತಿಯಲ್ಲಿ ಗುಲಾಮರಿಗೆ ಬೇರೆಯೇ ಹಾಳೆ. ಯಜಮಾನನ ಹೆಸರು, ಕೆಳಗೆ ಸಾಲಾಗಿ ವಯಸ್ಸು, ಗಂಡೋ ಹೆಣ್ಣೋ, ಬಣ್ಣ. ಹೆಸರಿಲ್ಲ. ಎಲ್ಲ ಕಪ್ಪು ಜನರನ್ನೂ ಹೆಸರು ಹಿಡಿದು ಬರೆದ ಮೊದಲ ಗಣತಿ 1870ರದು. ಹುಡುಕುವವರಿಗೆ ಅದೇ ಗೋಡೆ. ಗೋಡೆಯಾಚೆ ಹೋಗಬೇಕೆಂದರೆ ಯಜಮಾನನ ಮನೆಯ ಲೆಕ್ಕದ ಪುಸ್ತಕ, ಉಯಿಲು, ಸಾಲದ ಪತ್ರ ಓದಬೇಕು. ಓದುವಾಗ ಕೈ ನಡುಗುತ್ತದೆ. ಎತ್ತು, ಕುದುರೆ, ಮಗು, ಎಲ್ಲದಕ್ಕೂ ಒಂದೇ ಹಾಳೆಯಲ್ಲಿ ಬೆಲೆ ಕಟ್ಟಿರುತ್ತಾರೆ.

ಫ್ರೆಡರಿಕ್ ಡಗ್ಲಸ್ ಅವರ ಉದಾಹರಣೆ ಕೊಡುತ್ತೇನೆ. ಗುಲಾಮಗಿರಿಯ ವಿರುದ್ಧ ಅವರಷ್ಟು ಗಟ್ಟಿಯಾಗಿ ಮಾತಾಡಿದವರು ಆ ಕಾಲದಲ್ಲಿ ಕಡಿಮೆ. ಮೇರಿಲ್ಯಾಂಡ್ ರಾಜ್ಯದ ಟಾಲ್ಬಟ್ ಕೌಂಟಿಯಲ್ಲಿ ಗುಲಾಮನಾಗಿ ಹುಟ್ಟಿ, 1838ರ ಸೆಪ್ಟೆಂಬರಿನಲ್ಲಿ ತಪ್ಪಿಸಿಕೊಂಡು ಉತ್ತರಕ್ಕೆ ಬಂದರು. ಹುಟ್ಟು ಹೆಸರು ಫ್ರೆಡರಿಕ್ ಅಗಸ್ಟಸ್ ವಾಷಿಂಗ್ಟನ್ ಬೇಲಿ. ಹಿಡಿಯಲು ಬಂದವರಿಗೆ ಸಿಗದಿರಲಿ ಎಂದು ಹೆಸರು ಬದಲಿಸಿದರು. ಡಗ್ಲಸ್ ಎಂದು ಹುಡುಕಿದರೆ ಮೇರಿಲ್ಯಾಂಡಿನಲ್ಲಿ ಅವರು ಸಿಗುವುದೇ ಇಲ್ಲ.

ತಮ್ಮ ವಯಸ್ಸು ಎಷ್ಟೆಂದು ಗೊತ್ತಿಲ್ಲದಿರುವುದು ಅವರನ್ನು ಜೀವನವಿಡೀ ಕಾಡಿತು. 1817ರಲ್ಲಿ ಹುಟ್ಟಿರಬೇಕು ಎಂದು ಅವರ ಲೆಕ್ಕ. 1877ರಲ್ಲಿ, ಹೆಸರು ಕೀರ್ತಿ ಎಲ್ಲ ಬಂದ ಮೇಲೆ, ಹಾಸಿಗೆ ಹಿಡಿದಿದ್ದ ಹಳೆಯ ಯಜಮಾನ ಥಾಮಸ್ ಆಲ್ಡ್‌ನನ್ನು ನೋಡಲು ಹೋದರು. ಅಲ್ಲೂ ಕೇಳಿದ ಪ್ರಶ್ನೆಗಳಲ್ಲಿ ಒಂದು ಇದೇ: ನಾನು ಹುಟ್ಟಿದ್ದು ಯಾವಾಗ? 1818ರ ಫೆಬ್ರವರಿ ಇರಬೇಕು ಎಂದರು ಆಲ್ಡ್. ಡಗ್ಲಸ್ 1895ರಲ್ಲಿ ತೀರಿಕೊಂಡರು. 1980ರಲ್ಲಿ ಡಿಕ್ಸನ್ ಪ್ರೆಸ್ಟನ್ ಎಂಬ ಪತ್ರಕರ್ತರು ತಮ್ಮ ಹುಡುಕಾಟವನ್ನು ಪ್ರಕಟಿಸಿದರು. ಮೊದಲ ಯಜಮಾನ ಏರನ್ ಆ್ಯಂಥನಿಯ ಲೆಕ್ಕದ ಪುಸ್ತಕದಲ್ಲಿ, ಹ್ಯಾರಿಯೆಟ್‌ಳ ಮಗ ಫ್ರೆಡರಿಕ್ ಅಗಸ್ಟಸ್, ಫೆಬ್ರವರಿ 1818 ಎಂಬ ಸಾಲು ಸಿಕ್ಕಿತ್ತು. ಅದರ ಜೊತೆ ತಾಯಿ ಹ್ಯಾರಿಯೆಟ್ ಹುಟ್ಟಿದ್ದು 1792, ಅಜ್ಜಿ ಬೆಟ್ಸಿ 1774. ಹಾಗೇ ಹಿಂದಕ್ಕೆ ಹೋಗಿ 1701ರಲ್ಲಿ ಹುಟ್ಟಿದ ಬೇಲಿ ಎಂಬ ಪೂರ್ವಜನವರೆಗೆ. ಕುಟುಂಬದ ಹೆಸರೇ ಅಲ್ಲಿಂದ ಬಂದದ್ದು. ಡಗ್ಲಸ್ ಮನೆತನ ಮೇರಿಲ್ಯಾಂಡಿನ ಆ ಮಣ್ಣಿನಲ್ಲಿ ಅನೇಕ ಬಿಳಿಯರಿಗಿಂತ ಹಳೆಯದು. ಇದನ್ನು ಅವರು ಬದುಕಿರುವಾಗ ಯಾರಾದರೂ ಹೇಳಬೇಕಿತ್ತು ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಸಾಮಾನ್ಯ ಜನರಿಗೆ ಇನ್ನೊಂದು ದಾರಿಯಿದೆ. 1865ರಿಂದ 1874ರವರೆಗೆ ಬಿಡುಗಡೆಯಾದ ಗುಲಾಮರಿಗಾಗಿ ಒಂದು ಉಳಿತಾಯ ಬ್ಯಾಂಕ್ ನಡೆಯಿತು. ಫ್ರೀಡ್‌ಮನ್ಸ್ ಬ್ಯಾಂಕ್ ಎಂದು ಕರೆಯುತ್ತಾರೆ. ಬ್ಯಾಂಕ್ ಮುಳುಗಿತು, ಬಡವರ ದುಡ್ಡು ಹೋಯಿತು. ಖಾತೆ ತೆರೆಯುವಾಗ ತುಂಬಿಸಿದ ಹಾಳೆಗಳು ಮಾತ್ರ ಉಳಿದವು. ತಂದೆ, ತಾಯಿ, ಅಣ್ಣ, ತಂಗಿ, ಹಳೆಯ ಯಜಮಾನನ ಹೆಸರು, ಬೆಳೆದ ಜಾಗ. ಮಾರಾಟವಾಗಿ ಹೋದ ತಂಗಿಯ ಹೆಸರನ್ನೂ ಬರೆಸಿದ್ದಾರೆ.

ಪ್ರಶ್ನೆ: ನಮ್ಮ ಅಳಿಯ ಅಮೆರಿಕದವರು, ಒಹಾಯೊ ಕಡೆಯವರು. ಮೊಮ್ಮಗಳಿಗೆ ಎರಡೂ ಕಡೆಯ ವಂಶ ಬರೆದಿಡಬೇಕು ಎಂದು ನನಗೆ ಆಸೆ. ನಮ್ಮ ಕಡೆಯದು ಬರೆದಾಯಿತು. ಅಳಿಯನ ಕಡೆ ಗೊತ್ತಿರುವುದು ಇಷ್ಟೇ: ಅವರ ಅಜ್ಜನ ಅಜ್ಜ ಸುಮಾರು 1840ರಲ್ಲಿ ಹುಟ್ಟಿದವರು, ಅಲ್ಲಿನ ಅಂತರ್ಯುದ್ಧದಲ್ಲಿ ಸೈನಿಕರು. ಇಂಗ್ಲೆಂಡಿನ ರಾಜಮನೆತನಕ್ಕೆ ಸೇರಿದವರು ಎಂದೂ ಇಂಟರ್‌ನೆಟ್ಟಿನಲ್ಲಿ ಒಂದು ವಂಶವೃಕ್ಷ ಇದೆ. ಎಲ್ಲಿಂದ ಶುರು ಮಾಡಲಿ?
- ಗೃಹಿಣಿ, ದಾವಣಗೆರೆ

ಉತ್ತರ: ನಿಮ್ಮ ಆಸೆ ಓದಿ ತುಂಬಾ ಸಂತೋಷವಾಯಿತು ತಾಯೀ. ಬೀಗರ ಕಡೆಯವರೂ ಮೆಚ್ಚುತ್ತಾರೆ ನೋಡಿ.

ರಾಜಮನೆತನವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಅಮೆರಿಕದಲ್ಲಿ ಇಂಥ ವಂಶವೃಕ್ಷ ಬರೆದು ಮಾರುವ ದಂಧೆಯೇ ಇತ್ತು. ಗುಸ್ಟಾವ್ ಆಂಜೂ ಎಂಬಾತ 20ನೇ ಶತಮಾನದ ಆರಂಭದಲ್ಲಿ ಶ್ರೀಮಂತರಿಗೆ ಸುಳ್ಳು ದಾಖಲೆ ಸೃಷ್ಟಿಸಿ ವಂಶಾವಳಿ ಬರೆದುಕೊಟ್ಟು ಹಣ ಮಾಡಿದ. ಅವನು ಬರೆದದ್ದನ್ನು ಈಗಲೂ ಗೊತ್ತಿಲ್ಲದೆ ನಕಲು ಮಾಡುತ್ತಾರೆ. ಒಬ್ಬರು ಹಾಕಿದ್ದನ್ನು ನೂರು ಜನ ಹಾಕಿಕೊಂಡರೆ ಅದು ನೂರು ಸಾಕ್ಷಿಯಾಗುವುದಿಲ್ಲ.

ಅಳಿಯನಿಂದಲೇ ಶುರು ಮಾಡಿ. ಅವರ ತಂದೆ, ಅಜ್ಜ, ಹೀಗೆ ಒಂದೊಂದೇ ತಲೆಮಾರು ಹಿಂದಕ್ಕೆ. ಫ್ಯಾಮಿಲಿಸರ್ಚ್ ಎಂಬ ತಾಣ ಪೂರ್ತಿ ಉಚಿತ. ಸಾಲ್ಟ್ ಲೇಕ್ ಸಿಟಿಯ ಮಾರ್ಮನ್ ಚರ್ಚಿನವರು ನಡೆಸುತ್ತಾರೆ. 1894ರಿಂದ ಈ ಕೆಲಸದಲ್ಲಿದ್ದಾರೆ, ಲೋಕದ ಎಷ್ಟೋ ಕಚೇರಿಗಳ ಪುಸ್ತಕಗಳ ಫೋಟೊ ತೆಗೆದಿದ್ದಾರೆ. ದಾವಣಗೆರೆಯಲ್ಲಿ ಕೂತೇ ನೋಡಬಹುದು. ಅಲ್ಲೂ ಜನ ತಾವೇ ಸೇರಿಸಿದ ವಂಶವೃಕ್ಷ ಇರುತ್ತದೆ, ಅದನ್ನು ಸುಳಿವು ಎಂದಷ್ಟೇ ತಿಳಿಯಿರಿ. ಮೂಲ ಪುಸ್ತಕದ ಚಿತ್ರ ತೆರೆದು ಓದಿ.

ಅಲ್ಲಿನ ಜನಗಣತಿ ಹತ್ತು ವರ್ಷಕ್ಕೊಮ್ಮೆ. 72 ವರ್ಷ ಕಳೆದ ಮೇಲೆ ಹೆಸರುಗಳ ಸಮೇತ ಬಿಡುಗಡೆ ಮಾಡುತ್ತಾರೆ, 1950ರದು 2022ರಲ್ಲಿ ಹೊರಬಂತು. 1900ರ ಹಾಳೆಯಲ್ಲಿ ಹುಟ್ಟಿದ ತಿಂಗಳು, ವರ್ಷ ಎರಡೂ ಇರುತ್ತದೆ. 1890ರದನ್ನು ಹುಡುಕಿ ಸುಸ್ತಾಗಬೇಡಿ. 1921ರ ಜನವರಿಯಲ್ಲಿ ವಾಷಿಂಗ್ಟನ್ನಿನಲ್ಲಿ ಬೆಂಕಿ ಬಿದ್ದು ಅದು ಬಹುಪಾಲು ಹಾಳಾಯಿತು. ಆದರೆ 1890ರಲ್ಲೇ ಯುದ್ಧದಿಂದ ಬಂದ ಸೈನಿಕರ ಮತ್ತು ವಿಧವೆಯರ ಪಟ್ಟಿ ಬೇರೆ ಮಾಡಿದ್ದರು. ಇಂಗ್ಲಿಷ್ ಅಕ್ಷರ ಕ್ರಮದಲ್ಲಿ ಕೆಂಟಕಿಯ ಅರ್ಧದಿಂದ ಮುಂದಿನ ರಾಜ್ಯಗಳದು ಉಳಿದಿದೆ, ಒಹಾಯೊ ಅದರಲ್ಲಿದೆ. ನಿಮ್ಮ ಅದೃಷ್ಟ! ಅದರಲ್ಲಿ ಅವರು ಯಾವ ರೆಜಿಮೆಂಟಿನವರು ಎಂದು ಸಿಗಬಹುದು.

1880ರಲ್ಲಿ ಪ್ರತಿಯೊಬ್ಬರಿಗೂ ಮನೆಯ ಯಜಮಾನನ ಜೊತೆ ಏನು ಸಂಬಂಧ, ತಂದೆ ಎಲ್ಲಿ ಹುಟ್ಟಿದವರು, ತಾಯಿ ಎಲ್ಲಿ ಹುಟ್ಟಿದವರು ಎಂದು ಬರೆದಿದ್ದಾರೆ. 1850ರಲ್ಲಿ ಹತ್ತು ವರ್ಷದ ಹುಡುಗ ಯಾರ ಮನೆಯಲ್ಲಿದ್ದಾನೆ ನೋಡಿ. ಸಂಬಂಧ ಏನೆಂದು ಆ ಹಾಳೆ ಹೇಳುವುದಿಲ್ಲ, ಅಣ್ಣನ ಮಗನೂ ಆಗಿರಬಹುದು, ಕೆಲಸದ ಹುಡುಗನೂ ಆಗಿರಬಹುದು. ಅದಕ್ಕೂ ಹಿಂದೆ ಹೋದರೆ ಯಜಮಾನನ ಹೆಸರು ಮಾತ್ರ, ಉಳಿದವರು ಬರೀ ಸಂಖ್ಯೆ. ಒಹಾಯೊದಲ್ಲಿ ಜನನ, ಮರಣ ಬರೆದಿಡಲು ಶುರು ಮಾಡಿದ್ದು 1867ರಲ್ಲಿ. ಹಾಗಾಗಿ 1840ರಲ್ಲಿ ಹುಟ್ಟಿದವರಿಗೆ ಜನನ ಪತ್ರ ಇರುವುದಿಲ್ಲ. ಉಯಿಲು, ಜಮೀನಿನ ಪತ್ರ, ಚರ್ಚಿನ ಪುಸ್ತಕ ನೋಡಬೇಕಾಗುತ್ತದೆ. ಹೆಸರಿನ ಸ್ಪೆಲಿಂಗ್ ಬದಲಿಸಿ ಬದಲಿಸಿ ಹುಡುಕಿ, ಲಿಂಕನ್ ಲಿಂಕ್‌ಹಾರ್ನ್ ಆದ ಹಾಗೆ. ‘ಎಲ್ಲಿಸ್ ದ್ವೀಪದಲ್ಲಿ ಅಧಿಕಾರಿಗಳು ನಮ್ಮ ಹೆಸರು ಬದಲಿಸಿದರು’ ಎಂದು ಬೀಗರು ಹೇಳಿದರೆ ಒಪ್ಪಬೇಡಿ. ನ್ಯೂಯಾರ್ಕ್ ಬಂದರಿನಲ್ಲಿ ವಲಸೆ ಬಂದವರನ್ನು ತಪಾಸಣೆ ಮಾಡುತ್ತಿದ್ದ ಆ ಕೇಂದ್ರ ತೆರೆದದ್ದು 1892ರಲ್ಲಿ. ಅಲ್ಲಿನ ಗುಮಾಸ್ತರು ಹಡಗಿನವರು ತಂದ ಪಟ್ಟಿಯನ್ನು ನೋಡಿ ಹೆಸರು ಕರೆಯುತ್ತಿದ್ದರು.

ಎಲ್ಲಕ್ಕಿಂತ ದೊಡ್ಡ ನಿಧಿ ಪಿಂಚಣಿ ಕಡತ. ಉತ್ತರದ ಪರ ಹೋರಾಡಿದವರದು ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಸೈನಿಕ ಸತ್ತ ಮೇಲೆ ಹೆಂಡತಿ ಪಿಂಚಣಿ ಕೇಳಬೇಕೆಂದರೆ ತಾನೇ ಹೆಂಡತಿ ಎಂದು ಸಾಬೀತು ಮಾಡಬೇಕಿತ್ತು. ಮದುವೆಯ ಪ್ರಮಾಣಪತ್ರ, ಮಕ್ಕಳು ಹುಟ್ಟಿದ ದಿನ, ನೆರೆಹೊರೆಯವರ ಹೇಳಿಕೆ, ಸೂಲಗಿತ್ತಿಯ ಹೇಳಿಕೆ. ಮನೆಯ ಬೈಬಲ್ಲಿನಿಂದ ಮಕ್ಕಳ ಹೆಸರು ಬರೆದ ಹಾಳೆಯನ್ನೇ ಹರಿದು ಕಳಿಸಿದವರಿದ್ದಾರೆ. ಅಂಥ ಕಡತ ಬಿಡಿಸಿ ಓದಿದಾಗ ಒಬ್ಬ ಹೆಣ್ಣುಮಗಳ ಇಡೀ ಸಂಸಾರ ಕಣ್ಣ ಮುಂದೆ ಬರುತ್ತದೆ. ನನ್ನ ಕೆಲಸದಲ್ಲಿ ನಾನು ಅತಿ ಹೆಚ್ಚು ಪ್ರೀತಿಯಿಂದ ಓದಿದ್ದು ಇವನ್ನೇ.

ಪ್ರತಿ ತರಿಸಲು ಸೈನಿಕರ ಪೂರ್ತಿ ಹೆಸರು, ರಾಜ್ಯ, ರೆಜಿಮೆಂಟ್ ಬೇಕು. ಶುಲ್ಕವಿದೆ, ತಡವೂ ಆಗುತ್ತದೆ, ಅಳಿಯನಿಗೆ ಅಲ್ಲಿಂದಲೇ ಅರ್ಜಿ ಹಾಕಲು ಹೇಳಿ. ಕಡತ ಬರುವಷ್ಟರಲ್ಲಿ ಅವರ ಮನೆಯಲ್ಲಿ ಎಲ್ಲರಿಗಿಂತ ಹಿರಿಯರಾದ ಅತ್ತೆಯೋ ಚಿಕ್ಕಮ್ಮನೋ ಇದ್ದರೆ ಫೋನಿನಲ್ಲಿ ಮಾತಾಡಿಸಿ, ರೆಕಾರ್ಡ್ ಮಾಡಿಕೊಳ್ಳಲು ಅನುಮತಿ ಕೇಳಿ. ಫೋಟೊಗಳ ಹಿಂಬದಿಯಲ್ಲಿ ಬರೆದಿರುವುದನ್ನೂ ಓದಿಸಿ. ರೆಜಿಮೆಂಟಿನ ಹೆಸರು ಸಿಕ್ಕಿದ ಕೂಡಲೇ ಇನ್ನೊಂದು ಕಾಗದ ಬರೆಯಿರಿ, ಮುಂದಿನದು ಆಗ ಹೇಳುತ್ತೇನೆ.